ಆರಾಮ ಇದ್ದೇವೆ ಎಂಬ ಮಾತು ಮತ್ತು ರಕ್ತದ ಲೆಕ್ಕ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಯಾವ ಮನೆಯ ಪಡಸಾಲೆಯಲ್ಲಿ ಕುಳಿತು ಕುಶಲಪ್ರಶ್ನೆ ಮಾಡಿದರೂ ನಮಗೆ ದೊರೆಯುವ ಉತ್ತರ ಒಂದೇ: "ಆರಾಮ ಅದೀವ್ರಿ." ಹೃದಯದ ಬೇನೆಯ ಮಾತು ಬಂದರೆ ಅದಕ್ಕೊಂದು ಎರಡನೆಯ ಉತ್ತರವೂ ಸಿದ್ಧವಾಗಿರುತ್ತದೆ: "ನಮ್ಮದು ರೊಟ್ಟಿ, ಕಾಯಿಪಲ್ಯದ ಊಟ. ಮಾಂಸ ಮುಟ್ಟಿದವರಲ್ಲ, ಸೆರೆ ಕುಡಿದವರಲ್ಲ. ಕೊಲೆಸ್ಟರಾಲು ನಮ್ಮ ಮನೆಗೆ ಎಲ್ಲಿಂದ ಬರಬೇಕು?" ಈ ಎರಡು ಉತ್ತರಗಳೂ ಸದ್ಭಾವದಿಂದ ಹುಟ್ಟಿದವು. ಆದರೆ ಇವೆರಡನ್ನೂ ನಂಬಿ ನಡೆದ ಮನೆಗಳಲ್ಲಿಯೇ ಐವತ್ತು ತುಂಬದ ಯಜಮಾನರು ಒಂದು ಮುಂಜಾವಿನಲ್ಲಿ ಇಲ್ಲವಾಗುವುದನ್ನು ನಾವು ಪುನಃ ಪುನಃ ಕಾಣುತ್ತಿದ್ದೇವೆ. ಅಂಥ ಮನೆಗಳಿಗೆ ಸಾಂತ್ವನ ಹೇಳಲು ಹೋದಾಗ ಕೇಳಿಬರುವ ಮಾತೂ ಅದೇ: "ನಿನ್ನಿವರೆಗೂ ಆರಾಮಿದ್ದರು." ಆದ್ದರಿಂದ ಈ ತಿಂಗಳು ಈ ಅಂಕಣದಲ್ಲಿ ರಕ್ತದ ಸಕ್ಕರೆ, ರಕ್ತದ ಕೊಬ್ಬು ಹಾಗೂ ನಿರೋಗಿಯೆಂದು ತಿಳಿದುಕೊಂಡವನ ಹೃದಯ ಈ ಮೂರರ ಸಂಬಂಧವನ್ನು ವಿಚಾರಿಸೋಣ.

ಶರಣಬಂಧುಗಳೇ, ಮೊದಲು ಅರಿಯಬೇಕಾದದ್ದು ಇದು: ನೋವಿಲ್ಲದಿರುವುದು ಬೇರೆ, ರೋಗವಿಲ್ಲದಿರುವುದು ಬೇರೆ. ಹಲ್ಲು ಹುಳುಕಾದರೆ ನೋಯುತ್ತದೆ, ಕಾಲಿಗೆ ಮುಳ್ಳು ಚುಚ್ಚಿದರೆ ನೋಯುತ್ತದೆ. ರಕ್ತದಲ್ಲಿ ಕೊಲೆಸ್ಟರಾಲು ಎಷ್ಟೇ ಏರಿದರೂ ಸಾಮಾನ್ಯವಾಗಿ ಎಲ್ಲಿಯೂ ನೋಯುವುದಿಲ್ಲ. ಸಕ್ಕರೆ ಗಡಿ ದಾಟಿದ ಮೇಲೂ ಬಹುಕಾಲ ದೇಹ ತುಟಿ ಬಿಚ್ಚುವುದಿಲ್ಲ. ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಇವೆಲ್ಲ ಸಕ್ಕರೆ ಬಹಳ ಏರಿದ ಮೇಲೆ ತೋರುವ ಲಕ್ಷಣಗಳು. ಆದಕಾರಣ "ಆರಾಮ ಇದ್ದೇನೆ" ಎಂಬ ಅನುಭವವು ಈ ಎರಡು ವಿಷಯಗಳಲ್ಲಿ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಅಳೆದು ನೋಡಿದ ಸಂಖ್ಯೆಯೊಂದೇ ಸಾಕ್ಷಿ.

ಕನ್ನಡ ನಾಡು ಈ ಸಂಗತಿಯನ್ನು ಎರಡು ಸಲ ದೊಡ್ಡ ಆಘಾತದಿಂದ ನೆನಪಿಸಿಕೊಂಡಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವ್ಯಾಯಾಮಶೀಲರೆಂದು ಮನೆಮಾತಾಗಿದ್ದವರು ಅವರು. ಅವರ ಶರೀರದೊಳಗಿನ ಸ್ಥಿತಿಯನ್ನು ಕುರಿತು ಹೊರಗಿನವರು ಊಹೆ ಮಾಡುವುದು ಅಸಭ್ಯ, ನಾವು ಮಾಡುವುದಿಲ್ಲ. ಆದರೆ ಆ ವಾರವೇ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಬಾಗಿಲಲ್ಲಿ ತಪಾಸಣೆಗೆಂದು ಜನ ಮುಗಿಬಿದ್ದರು. ಚಿತ್ರದುರ್ಗ ಬೃಹನ್ಮಠದ ಜಯದೇವ ಜಗದ್ಗುರುಗಳ ಹೆಸರನ್ನು ಹೊತ್ತ ಸಂಸ್ಥೆ ಅದು. ಬಳಿಕ 2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಇಪ್ಪತ್ತಕ್ಕೂ ಹೆಚ್ಚು ಹಠಾತ್ ಸಾವುಗಳ ವರದಿ ಬಂದಾಗ ಪುನಃ ಅದೇ ನೂಕುನುಗ್ಗಲು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಆ ಸಮಿತಿಯು ಹಾಸನದಲ್ಲಿ ಹೃದಯದ ಸಾವುಗಳು ಹಿಂದಿಗಿಂತ ಅಸಹಜವಾಗಿ ಹೆಚ್ಚಿಲ್ಲವೆಂದೂ, ಸತ್ತವರಲ್ಲಿ ಅನೇಕರಿಗೆ ಮಧುಮೇಹ, ರಕ್ತದೊತ್ತಡ, ಧೂಮಪಾನ ಮುಂತಾದ ಚಿರಪರಿಚಿತ ಕಾರಣಗಳೇ ಇದ್ದವೆಂದೂ ಹೇಳಿತು. ಪತ್ರಿಕೆಗಳಿಗೆ ಇದು ಸಪ್ಪೆ ಸುದ್ದಿಯಾಗಿ ತೋರಿರಬಹುದು. ನಮಗಾದರೋ ಇದು ಭಯಂಕರವಾಗಿ ತೋರಿತು. ಹಾಸನಕ್ಕೆ ವಿಶೇಷವಾದ ಮಾರಿ ಬಂದಿರಲಿಲ್ಲ ಎಂದರೆ ಹಾಸನದಲ್ಲಿದ್ದದ್ದು ಬೈಲಹೊಂಗಲದಲ್ಲಿಯೂ ಇದೆ ಎಂದರ್ಥವಲ್ಲವೆ?

ಇದಕ್ಕೆ ಇಡೀ ದೇಶದ ಲೆಕ್ಕವೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಜನರಿಗೆ ಮಧುಮೇಹವಿದೆ. ಇನ್ನೂ 15.3 ಜನ ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದಾರೆ. ರಕ್ತದೊತ್ತಡ ನೂರಕ್ಕೆ 35.5 ಜನರಿಗೆ, ಹೊಟ್ಟೆಯ ಬೊಜ್ಜು 39.5 ಜನರಿಗೆ. ರಕ್ತದ ಕೊಬ್ಬಿನ ಯಾವುದಾದರೂ ಒಂದು ದೋಷವಂತೂ ನೂರಕ್ಕೆ 81 ಜನರಲ್ಲಿ ಕಂಡುಬಂದಿತು. ಈ ಕೊನೆಯ ಸಂಖ್ಯೆಯನ್ನು ವಾಚಕರು ಇನ್ನೊಮ್ಮೆ ಓದಬೇಕು. ಮಾಂಸಾಹಾರಿಗಳು ಮಾತ್ರ ಸೇರಿ ನೂರಕ್ಕೆ 81 ಆಗುವುದು ಸಾಧ್ಯವಿಲ್ಲ.

ಹಾಗಾದರೆ ಶಾಕಾಹಾರಿಯ ರಕ್ತಕ್ಕೆ ಕೊಲೆಸ್ಟರಾಲು ಎಲ್ಲಿಂದ ಬಂತು? ಎಣ್ಣೆಯ ಡಬ್ಬಿಯ ಮೇಲೆ "ಕೊಲೆಸ್ಟರಾಲ್ ಇಲ್ಲ" ಎಂದು ಅಚ್ಚು ಮಾಡಿರುತ್ತಾರೆ. ಅದು ಸುಳ್ಳಲ್ಲ, ಗಿಡಮರಗಳಿಂದ ಬಂದ ಯಾವ ಎಣ್ಣೆಯಲ್ಲಿಯೂ ಅದು ಗಣನೆಗೆ ಬರುವಷ್ಟು ಇರುವುದಿಲ್ಲ. ಆದರೆ ನಮ್ಮ ರಕ್ತದ ಕೊಲೆಸ್ಟರಾಲಿನ ಹೆಚ್ಚಿನ ಪಾಲು ತಯಾರಾಗುವುದು ನಮ್ಮದೇ ಯಕೃತ್ತಿನಲ್ಲಿ, ಅಂದರೆ ಪಿತ್ತಜನಕಾಂಗದಲ್ಲಿ. ತುಪ್ಪ, ಬೆಣ್ಣೆ, ಕೆನೆ, ತಾಳೆ ಎಣ್ಣೆ, ವನಸ್ಪತಿ ಇವುಗಳಲ್ಲಿರುವ ಗಟ್ಟಿ ಕೊಬ್ಬು ಆ ಯಕೃತ್ತು ರಕ್ತದೊಳಗಿನ ಕೊಲೆಸ್ಟರಾಲನ್ನು ಹಿಂದಕ್ಕೆ ಎಳೆದುಕೊಳ್ಳುವ ಶಕ್ತಿಯನ್ನು ಕುಂದಿಸುತ್ತದೆ. ಹೀಗಾಗಿ ರಕ್ತದಲ್ಲಿ ಎಲ್.ಡಿ.ಎಲ್. ಎಂದು ಕರೆಯುವ ಕೆಟ್ಟ ಕೊಲೆಸ್ಟರಾಲು ಉಳಿದುಬಿಡುತ್ತದೆ. ಇನ್ನೊಂದು ದಾರಿ ನಮ್ಮ ಅನ್ನದ್ದು. ದೇಹ ಖರ್ಚು ಮಾಡಲಾರದಷ್ಟು ಅನ್ನ, ಗೋಧಿ, ಸಕ್ಕರೆ, ಬೆಲ್ಲ ಒಳಸೇರಿದರೆ ಯಕೃತ್ತು ಆ ಹೆಚ್ಚಳವನ್ನು ಕೊಬ್ಬನ್ನಾಗಿ ಮಾರ್ಪಡಿಸಿ ಟ್ರೈಗ್ಲಿಸರೈಡ್ ಎಂಬ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ. ಅದು ಏರಿದಂತೆ ಒಳ್ಳೆಯ ಕೊಲೆಸ್ಟರಾಲೆನಿಸಿದ ಎಚ್.ಡಿ.ಎಲ್. ಇಳಿಯುತ್ತದೆ. ಎಲ್.ಡಿ.ಎಲ್.ನ ಕಣಗಳೂ ಸಣ್ಣವೂ ದಟ್ಟವೂ ಆಗಿ ರಕ್ತನಾಳದ ಗೋಡೆಯೊಳಗೆ ಸುಲಭವಾಗಿ ನುಸುಳುತ್ತವೆ. ಭಾರತೀಯರಲ್ಲಿ ಬಹುವಾಗಿ ಕಾಣುವ ದೋಷ ಇದೇ. ಸಕ್ಕರೆಯ ದಾರಿ ಮತ್ತು ಕೊಬ್ಬಿನ ದಾರಿ ಎರಡೂ ಕೂಡುವ ಕೂಡಲ ಯಕೃತ್ತು ಎಂದರೆ ತಪ್ಪಾಗದು.

ನಮ್ಮ ಸೀಮೆಯಲ್ಲಿ ಇದು ಏಕೆ ಈಗ ಹೆಚ್ಚಾಯಿತು ಎಂಬುದನ್ನು ತಿಳಿಯಲು ನೆಲವನ್ನೇ ನೋಡಬೇಕು. 1970ರ ದಶಕದ ಆರಂಭದಲ್ಲಿ ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದಿತು. ಅದಕ್ಕೆ ಮುಂಚಿನ ಎರೆಹೊಲದ ಒಕ್ಕಲುತನ ನೆನಪಿರುವವರು ನಮ್ಮ ಓರಿಗೆಯವರು. ಹಿಂಗಾರಿ ಜೋಳ, ಹತ್ತಿ, ಕಡಲೆ, ಕುಸುಬಿ, ಅಗಸಿ ಇವೇ ಬೆಳೆಗಳು. ನಸುಕಿನಲ್ಲಿ ಎತ್ತು ಹೂಡಿದರೆ ಹೊತ್ತು ಏರುವವರೆಗೆ ಬಿಡುವಿಲ್ಲ. ಬುತ್ತಿಯಲ್ಲಿ ನಾಲ್ಕಾರು ಖಡಕ್ ರೊಟ್ಟಿ, ಹಿಂಡಿ, ಮೊಸರು, ಉಳ್ಳಾಗಡ್ಡಿ. ಆ ಊಟವೆಲ್ಲ ಸಂಜೆಯೊಳಗೆ ಬೆವರಾಗಿ ಹೋಗುತ್ತಿತ್ತು. ನೀರು ಮುಟ್ಟಿದಲ್ಲಿ ಕಬ್ಬು ಬಂತು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಯಂಥವು ಕಬ್ಬು ನುರಿಸಿದವು, ಮನೆಗಳಿಗೆ ರೊಕ್ಕ ಬಂತು, ಮಕ್ಕಳು ಓದಿದರು. ಇದನ್ನು ನಾವು ಹಳಿಯುವವರಲ್ಲ. ಬರದ ವರ್ಷಗಳನ್ನು ಕಂಡವರಾರೂ ನೀರಾವರಿಯನ್ನು ಹಳಿಯಲಾರರು. ಆದರೆ ಟ್ರ್ಯಾಕ್ಟರು ಬಂದು ಎತ್ತು ಹೋಯಿತು, ಮೋಟಾರ್ ಸೈಕಲ್ ಬಂದು ಹೊಲದ ದಾರಿಯ ನಡಿಗೆ ಹೋಯಿತು. ಕಬ್ಬು ಕಡಿಯಲು ಹೊರಗಿನ ತಂಡಗಳು ಬಂದವು. ನೇಗಿಲು ಅಟ್ಟ ಸೇರಿತು. ನೇಗಿಲು ಹಿಡಿದವನ ಗಂಗಾಳ ಮಾತ್ರ ಹಾಗೆಯೇ ಉಳಿಯಿತು. ಹಾಗೆಯೇ ಉಳಿಯಿತೆಂದರೂ ಪೂರ್ಣ ಸತ್ಯವಲ್ಲ. ರೊಟ್ಟಿಯ ಸಂಖ್ಯೆ ಕಡಿಮೆಯಾಗಿ ಬಿಳಿ ಅನ್ನದ ರಾಶಿ ಏರಿತು, ಗಾಣದ ಕುಸುಬಿ ಎಣ್ಣೆ ಹೋಗಿ ಪಾಕೀಟಿನ ಅಗ್ಗದ ಎಣ್ಣೆ ಬಂತು.

ನಮ್ಮ ಹಿರಿಯರಿಗೆ ಇದು ಅಪರಿಚಿತವಾದ ವಿಚಾರವೇನೂ ಅಲ್ಲ. ನಾವು ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಓದುತ್ತಿದ್ದಾಗ ವೈದ್ಯಗ್ರಂಥಗಳ ಪರಿಚಯವನ್ನೂ ಗುರುಗಳು ಮಾಡಿಸುತ್ತಿದ್ದರು. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹದ ಕಾರಣಗಳನ್ನು ಎಣಿಸುವಾಗ ಆಚಾರ್ಯನು ಮೊದಲು ಹೇಳುವುದು ಆಹಾರವನ್ನಲ್ಲ, ಕುಳಿತಿರುವ ಸುಖವನ್ನು ಮತ್ತು ಮಲಗಿರುವ ಸುಖವನ್ನು. ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದ ಪದಾರ್ಥಗಳು ಆಮೇಲೆ ಬರುತ್ತವೆ. ರಕ್ತವನ್ನು ಅಳೆಯುವ ಯಂತ್ರವಿಲ್ಲದ ಕಾಲದಲ್ಲಿ ಈ ಅನುಕ್ರಮವನ್ನು ಕಂಡವನ ದೃಷ್ಟಿಗೆ ನಾವು ತಲೆಬಾಗುತ್ತೇವೆ.

ಈಗ ನಾಳದ ಒಳಗೆ ಏನು ನಡೆಯುತ್ತದೆಂಬುದನ್ನು ನೋಡೋಣ. ಕಾಲುವೆಯಲ್ಲಿ ಹೂಳು ತುಂಬಿದಂತೆ ರಕ್ತನಾಳದಲ್ಲಿ ಕೊಬ್ಬು ತುಂಬುತ್ತದೆ ಎಂದು ಭಾಷಣಗಳಲ್ಲಿ ಹೇಳುವುದುಂಟು. ನಮ್ಮ ಕಡೆಯ ರೈತರಿಗೆ ಆ ಹೋಲಿಕೆ ಒಡನೆಯೇ ಹಿಡಿಸುತ್ತದೆ. ಆದರೆ ಅದು ಅರ್ಧ ಸತ್ಯ, ಮತ್ತು ಉಳಿದ ಅರ್ಧದಲ್ಲಿಯೇ ಪ್ರಾಣ ಹೋಗುವುದು. ಹೂಳು ಕಾಲುವೆಯ ತಳದಲ್ಲಿ ಮೇಲಿನಿಂದ ಕೂಡುತ್ತದೆ. ಕೊಲೆಸ್ಟರಾಲು ಹಾಗಲ್ಲ, ಅದು ನಾಳದ ಗೋಡೆಯ ಒಳಗೆ ನುಸುಳಿ ಅಲ್ಲಿ ಗಂಟು ಕಟ್ಟುತ್ತದೆ. ಆ ಗಂಟಿನಲ್ಲಿ ಉರಿಯೂತ ಉಂಟಾಗಿ, ಮೇಲೆ ತೆಳುವಾದ ಪೊರೆಯೊಂದು ಬೆಳೆಯುತ್ತದೆ, ಬಾವುಗೊಂಡ ಕುರುವಿನಂತೆ. ಹೊರಗಿನಿಂದ ನಾಳ ಬಹುಮಟ್ಟಿಗೆ ತೆರೆದೇ ಇರಬಹುದು, ರಕ್ತ ಹರಿಯುತ್ತಲೇ ಇರಬಹುದು. ಆ ಮನುಷ್ಯ ಯಲ್ಲಮ್ಮನ ಗುಡ್ಡದ ಮೆಟ್ಟಿಲು ಹತ್ತಿ ಇಳಿದರೂ ಎದೆಯಲ್ಲಿ ಏನೂ ತೋರದಿರಬಹುದು. ಒಂದು ದಿನ ಆ ಪೊರೆ ಹರಿಯುತ್ತದೆ. ಹರಿದ ಗಾಯವನ್ನು ಮುಚ್ಚಲೆಂದು ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಕೆಲವೇ ನಿಮಿಷಗಳಲ್ಲಿ ನಾಳವನ್ನು ಮುಚ್ಚಿಬಿಡುತ್ತದೆ. ನಿನ್ನೆಯವರೆಗೂ ಆರಾಮಿದ್ದವರು ಇಂದು ಇಲ್ಲವಾಗುವುದು ಹೀಗೆ.

ಇಲ್ಲಿ ಸಕ್ಕರೆಯ ಪಾತ್ರವೇನು? ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಅದು ನಾಳದ ಒಳಪದರಿಗೆ ಹಾನಿ ಮಾಡುತ್ತದೆ, ಕೊಲೆಸ್ಟರಾಲು ಒಳನುಸುಳುವ ದಾರಿಯನ್ನು ಸುಗಮ ಮಾಡುತ್ತದೆ. ಇದು ಮಧುಮೇಹಿಗಳಿಗೆ ಮಾತ್ರ ಎಂದು ಬಹುಕಾಲ ಭಾವಿಸಲಾಗಿತ್ತು. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ 45ರಿಂದ 79 ವಯಸ್ಸಿನ 10,000ಕ್ಕೂ ಹೆಚ್ಚು ಸ್ತ್ರೀಪುರುಷರನ್ನು ಅನುಸರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಮಾತು ಹೇಳಿತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ ಶೇಕಡಾ ಒಂದೊಂದು ಅಂಶ ಏರಿದಂತೆ ಹೃದಯದ ಗಂಡಾಂತರ ಐದರಲ್ಲಿ ಒಂದು ಪಾಲಿಗಿಂತಲೂ ಹೆಚ್ಚಾಗಿ ಏರುತ್ತಿತ್ತು. ಈ ಏರಿಕೆ ಮಧುಮೇಹದ ಗಡಿಗಿಂತ ಬಹಳ ಕೆಳಗೇ ಆರಂಭವಾಗಿತ್ತು. ಅಂದರೆ 126 ಎಂಬ ಸಂಖ್ಯೆಯ ಈಚೆಗೆ ಪೂರ್ಣ ಆರೋಗ್ಯ, ಆಚೆಗೆ ರೋಗ ಎಂಬ ಬೇಲಿ ದೇಹದಲ್ಲಿಲ್ಲ. ಅದು ವೈದ್ಯರು ಚಿಕಿತ್ಸೆಯ ಅನುಕೂಲಕ್ಕಾಗಿ ಹಾಕಿಕೊಂಡ ಗೆರೆ. ದೇಹದಲ್ಲಿರುವುದು ಇಳಿಜಾರು.

ಆದರೂ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಗಂಡಾಂತರ ಜೊತೆಯಾಗಿ ಏರುತ್ತದೆ ಎಂದ ಮಾತ್ರಕ್ಕೆ ಮಧುಮೇಹವಿಲ್ಲದವರೆಲ್ಲ ಸಕ್ಕರೆಯ ಗುಳಿಗೆ ನುಂಗಬೇಕೆಂದಲ್ಲ. ಹೊಸ್ತಿಲಲ್ಲಿರುವವರಿಗೆ ಮೊದಲ ಮದ್ದು ನಡಿಗೆ, ಮಿತಾಹಾರ, ಹೊಟ್ಟೆಯ ಬೊಜ್ಜು ಕರಗಿಸುವುದು. ಎಲ್.ಡಿ.ಎಲ್. ವಿಷಯದಲ್ಲಿ ಮಾತ್ರ ವಿಜ್ಞಾನ ಇನ್ನೂ ದೃಢವಾಗಿದೆ: ಅದು ಹೃದಯಾಘಾತದ ನೇರ ಕಾರಣ, ಅದನ್ನು ಇಳಿಸಿದಷ್ಟೂ ಆಘಾತಗಳು ಇಳಿಯುತ್ತವೆ.

ನಮ್ಮವರಿಗೆ ಅವಸರವೂ ಹೆಚ್ಚು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು ಹೃದಯಾಘಾತದ ಬಹುಪಾಲು ಗಂಡಾಂತರಕ್ಕೆ ಒಂಬತ್ತೇ ಕಾರಣಗಳು ಸಾಕೆಂದು ತೋರಿಸಿತು. ರಕ್ತದ ಕೊಬ್ಬು, ತಂಬಾಕು, ಮಧುಮೇಹ, ರಕ್ತದೊತ್ತಡ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿಯ ಕೊರತೆ, ವ್ಯಾಯಾಮದ ಕೊರತೆ, ಜೊತೆಗೆ ಮದ್ಯದ ವಿಚಾರ. ಅದೇ ಅಧ್ಯಯನದ ಲೆಕ್ಕದಲ್ಲಿ ಮೊದಲ ಆಘಾತದ ನಡುವಯಸ್ಸು ದಕ್ಷಿಣ ಏಷ್ಯಾದವರಿಗೆ 53, ಇತರರಿಗೆ ಸುಮಾರು 59. ಆರು ವರ್ಷ ಮೊದಲು! ಮಗಳ ಮದುವೆ, ಮಗನ ಕೊನೆಯ ವರ್ಷದ ಓದು, ಹೊಲದ ಸಾಲ ಇವೆಲ್ಲ ಇರುವ ಆರು ವರ್ಷಗಳು ಅವು. ತಂಬಾಕಿನ ಮಾತು ಬಂದುದರಿಂದ ಹೇಳುತ್ತೇವೆ: ಬೀಡಿ ಸೇದದವರು ಎಲೆಯಡಿಕೆಯ ಜೊತೆ ತಂಬಾಕು ಹಾಕಿಕೊಂಡು ತಮ್ಮನ್ನು ನಿರ್ವ್ಯಸನಿಗಳೆಂದು ಕರೆದುಕೊಳ್ಳುವುದು ನಮ್ಮ ಕಡೆಯ ಒಂದು ವಿನೋದ. ಹೃದಯ ಆ ವಿನೋದವನ್ನು ಒಪ್ಪುವುದಿಲ್ಲ.

ಹಾಗಾದರೆ ಅಳೆಯಬೇಕಾದುದೇನು? ಬರಿಹೊಟ್ಟೆಯ ಸಕ್ಕರೆ 100ರ ಒಳಗಿರಬೇಕು. 100ರಿಂದ 125 ಹೊಸ್ತಿಲು. 126 ಮತ್ತು ಮೇಲೆ ಮಧುಮೇಹ. ಎಚ್‌ಬಿಎ1ಸಿ 5.7ರ ಒಳಗೆ ಲೇಸು, 6.4ರವರೆಗೆ ಹೊಸ್ತಿಲು, 6.5ರಿಂದ ಮಧುಮೇಹ. ಎರಡನೆಯ ಸಲದ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದೆ ಗಾಬರಿಯಾಗುವುದು ಬೇಡ. ಕೊಬ್ಬಿನ ಪರೀಕ್ಷೆಯಲ್ಲಿ ಒಟ್ಟು ಕೊಲೆಸ್ಟರಾಲೊಂದನ್ನೇ ನೋಡಿ "200ರ ಒಳಗಿದೆ" ಎಂದು ಸಮಾಧಾನಪಡುವವರು ಬಹಳ. ಅದು ಸಾಲದು. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ನಮ್ಮ ಜನರಿಗೆಂದೇ ಮಾರ್ಗಸೂಚಿಯನ್ನು ಹೊರಡಿಸಿತು. ಅದರಂತೆ ಗಂಡಾಂತರ ಕಡಿಮೆಯಿರುವವರಿಗೂ ಎಲ್.ಡಿ.ಎಲ್. 100ರ ಒಳಗಿರಬೇಕು. ಮಧುಮೇಹ ಮುಂತಾದವುಗಳಿಂದ ಗಂಡಾಂತರ ಹೆಚ್ಚಿದವರಿಗೆ 70ರ ಒಳಗೆ, ಈಗಾಗಲೇ ಆಘಾತವಾದವರಿಗೆ 55ರ ಒಳಗೆ. ಟ್ರೈಗ್ಲಿಸರೈಡ್ 150ರ ಒಳಗಿರಬೇಕು, ಎಚ್.ಡಿ.ಎಲ್. ಗಂಡಸರಿಗೆ 40, ಹೆಂಗಸರಿಗೆ 50 ದಾಟಬೇಕು. ಈ ಪರೀಕ್ಷೆ ಮೊದಲ ಸಲ 18ನೆಯ ವಯಸ್ಸಿನಲ್ಲಿಯೇ ಆಗಲಿ ಎಂದು ಆ ಮಾರ್ಗಸೂಚಿ ಹೇಳುತ್ತದೆ, ಅದಕ್ಕೆ ಉಪವಾಸವೂ ಕಡ್ಡಾಯವಲ್ಲವೆನ್ನುತ್ತದೆ. ಲಿಪೊಪ್ರೊಟೀನ್-ಎ ಎಂಬ ಇನ್ನೊಂದು ಅಂಶವುಂಟು. ಅದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು, ಜೀವಮಾನದಲ್ಲಿ ಒಮ್ಮೆ ನೋಡಿಸಿದರೆ ಸಾಕು. ತಂದೆಗೋ ಅಣ್ಣನಿಗೋ 55ರ ಮುಂಚೆ, ತಾಯಿಗೋ ಅಕ್ಕನಿಗೋ 65ರ ಮುಂಚೆ ಹೃದಯದ ಬೇನೆ ಬಂದಿದ್ದ ಮನೆಯವರು ಇದನ್ನು ತಪ್ಪಿಸಬಾರದು. ದರ್ಜಿಯ ಟೇಪಿನಿಂದ ಹೊಟ್ಟೆಯ ಸುತ್ತಳತೆಯನ್ನೂ ಅಳೆಯಿರಿ: ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಮೀರಿದರೆ ಒಳಗೆ ಯಕೃತ್ತಿನ ಸುತ್ತ ಕೊಬ್ಬು ಕೂಡುತ್ತಿದೆಯೆಂದು ತಿಳಿಯಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಉಚಿತವಾಗಿ ನಡೆಯುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಕೇಳಿದಾಗ "ನಮಗೇನೂ ಇಲ್ಲವ್ವಾ" ಎಂದು ಆಕೆಯನ್ನು ಬಾಗಿಲಿಂದಲೇ ಕಳುಹಿಸಬೇಡಿರಿ.

ಇನ್ನು ಅಡುಗೆಮನೆಗೆ ಬರೋಣ. ತಾಯಂದಿರು ಈ ಭಾಗವನ್ನು ಓದಿ ಮುನಿಯಬಾರದು. ಮೊದಲು ಚಹಾ. ಸಣ್ಣ ಚಮಚದಲ್ಲಿ ಸುಮಾರು 4 ಗ್ರಾಂ ಸಕ್ಕರೆ. ಕಪ್ಪಿಗೆರಡು ಚಮಚದಂತೆ, ಬಂದವರ ಸಂಗಡ ಕುಡಿದದ್ದೂ ಸೇರಿ ದಿನಕ್ಕೆ ಐದು ಕಪ್ಪಾದರೆ 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ಬೆರೆಸಿದ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, 25ರ ಒಳಗಿದ್ದರೆ ಉತ್ತಮ. ಊಟಕ್ಕೆ ಕೂಡುವ ಮೊದಲೇ ಲೆಕ್ಕ ತುಂಬಿತು. "ನಾವು ಸಕ್ಕರೆ ಬಿಟ್ಟು ಬೆಲ್ಲ ಹಿಡಿದೇವ್ರಿ" ಎಂದು ಅಭಿಮಾನದಿಂದ ಹೇಳುವವರಿಗೆ ನಮ್ಮ ವಿನಂತಿ: ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ. ಅದರಲ್ಲಿರುವ ಖನಿಜಾಂಶ ರಕ್ತದ ಸಕ್ಕರೆಗೆ ಕಡಿವಾಣ ಹಾಕುವುದಿಲ್ಲ. ಜೋಳದ ರೊಟ್ಟಿ ಬಿಳಿ ಅನ್ನಕ್ಕಿಂತ ಲೇಸು, ನಾರು ಹೆಚ್ಚು. ಹಾಗೆಂದು ಕುಳಿತು ಕೆಲಸ ಮಾಡುವವನು ಐದು ರೊಟ್ಟಿ ತಿಂದರೆ ಜೋಳವೂ ಸಕ್ಕರೆಯಾಗಿಯೇ ರಕ್ತ ಸೇರುತ್ತದೆ. ರೊಟ್ಟಿ ಎರಡಾಗಲಿ, ಜೊತೆಗೆ ಹೆಸರುಕಾಳು, ಮಡಿಕೆಕಾಳಿನ ಪಲ್ಯ, ಮೆಂತ್ಯೆ, ಸೌತೆಕಾಯಿ, ಉಳ್ಳಾಗಡ್ಡಿ ತಟ್ಟೆಯ ಅರ್ಧವನ್ನು ತುಂಬಲಿ. ಅಗಸಿ, ಗುರೆಳ್ಳು, ಶೇಂಗಾ ಹಿಂಡಿಗಳು ನಮ್ಮ ಹಿರಿಯರು ಬಿಟ್ಟುಹೋದ ಆಸ್ತಿ. ಅವು ಇರಲಿ, ಉಪ್ಪು ಮಾತ್ರ ಕಡಿಮೆಯಾಗಲಿ. ವನಸ್ಪತಿಯಲ್ಲಿದ್ದ ಅತಿ ಕೆಟ್ಟ ಕೊಬ್ಬನ್ನು ಸರ್ಕಾರ 2022ರ ಜನವರಿಯಿಂದ ಶೇಕಡಾ 2ಕ್ಕೆ ಇಳಿಸಿದೆ. ಆದರೆ ಸಂತೆಯ ದಿನ ಒಂದೇ ಬಾಣಲೆಯ ಎಣ್ಣೆಯನ್ನು ಕಾಯಿಸಿ ಕಾಯಿಸಿ ಕರಿದ ಮಿರ್ಚಿ ಭಜಿಗೆ ಆ ನಿಯಮ ತಲುಪುವುದಿಲ್ಲ.

ಉಪವಾಸದ ವಿಷಯ ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಶ್ರಾವಣ ಸೋಮವಾರ ಉಪವಾಸವಿದ್ದವರು ಸಂಜೆಯೊಳಗೆ ಸಾಬುದಾಣಿ, ಬಟಾಟೆ, ಶೇಂಗಾದುಂಡಿ, ಬಾಳೆಹಣ್ಣು, ನಾಲ್ಕು ಸಲ ಚಹಾ ಸೇವಿಸಿ ಉಪವಾಸವಿಲ್ಲದ ದಿನಕ್ಕಿಂತ ಹೆಚ್ಚು ಉಂಡಿರುತ್ತಾರೆ. ವ್ರತ ಕೆಟ್ಟಿತೆಂದು ನಾವು ಹೇಳುವುದಿಲ್ಲ, ರಕ್ತ ಕೆಟ್ಟಿತೆಂದು ಹೇಳುತ್ತೇವೆ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಪ್ರಸಾದದ್ದು. ಸವದತ್ತಿ ಕಡೆಯ ಗೃಹಸ್ಥರೊಬ್ಬರು ನಮ್ಮನ್ನು ಹೀಗೆ ಕೇಳಿದ್ದರು: "ಮಠದ ಜಾತ್ರೆಯಲ್ಲಿ ಮಾದಲಿ, ಹುಗ್ಗಿ ಬಡಿಸುತ್ತಾರೆ. ಬೇಡವೆಂದರೆ ಪ್ರಸಾದ ನಿರಾಕರಿಸಿದ ದೋಷ, ಎಲೆಯಲ್ಲಿ ಬಿಟ್ಟರೆ ಕೆಡಿಸಿದ ದೋಷ, ಉಂಡರೆ ಸಕ್ಕರೆ 300. ಏನು ಮಾಡಲಿ?" ಮರ್ಮಕ್ಕೆ ತಾಗುವ ಪ್ರಶ್ನೆ. ನಮ್ಮ ಅಭಿಪ್ರಾಯದಲ್ಲಿ ದೋಷ ಉಣ್ಣುವವನದಲ್ಲ, ಒತ್ತಾಯ ಮಾಡಿ ಬಡಿಸುವ ಸೌಟಿನದು. ಪ್ರಸಾದಕ್ಕೆ ಪ್ರಮಾಣವಿಲ್ಲ, ಅಗುಳಷ್ಟು ಕೊಂಡರೂ ಅದು ಪೂರ್ಣ ಪ್ರಸಾದವೇ. ಕೈಯೊಡ್ಡಿ ಒಂದು ತುತ್ತು ಬೇಡಿ ಪಡೆದು ಭಕ್ತಿಯಿಂದ ಸ್ವೀಕರಿಸಿದವನು ನಿಯಮವನ್ನು ಪಾಲಿಸಿದವನೇ ಹೊರತು ಮೀರಿದವನಲ್ಲ. ದಾಸೋಹದಲ್ಲಿ ಬಡಿಸುವ ಯುವಕರಿಗೆ ಹಿರಿಯರು ಇದನ್ನು ತಿಳಿಸಿಕೊಡಬೇಕು. ಸಿಹಿಯ ಬುಟ್ಟಿ ಹೊರಟಷ್ಟೇ ಸಲ ಕೋಸಂಬರಿಯ ಬುಟ್ಟಿಯೂ ಪಂಕ್ತಿಯಲ್ಲಿ ಹೊರಡಲಿ. ಬೀಗರ ಮನೆಯಲ್ಲಿ ಇನ್ನೊಂದು ಹೋಳಿಗೆ, ಮೇಲೊಂದು ಮಿಳ್ಳಿ ತುಪ್ಪ ಎಂದು ಆಣೆ ಹಾಕಿ ಉಣಿಸುವ ಪ್ರೀತಿಗೂ ಇದೇ ಮಾತು ಅನ್ವಯಿಸುತ್ತದೆ.

ನಡಿಗೆಯಿಂದ ಏನಾದೀತು ಎಂದು ಸಂಶಯಪಡುವವರಿಗೆ ಎರಡು ನಿದರ್ಶನಗಳು. ಚೆನ್ನೈಯಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ನೋಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏನೂ ಮಾಡದವರಲ್ಲಿ ನೂರಕ್ಕೆ 55 ಜನ ಮಧುಮೇಹಿಗಳಾದರು. ಊಟ, ನಡಿಗೆಗಳನ್ನು ತಿದ್ದಿಕೊಂಡವರಲ್ಲಿ 39 ಜನ. ಚೀನಾದ ದಾಚಿಂಗ್ ನಗರದಲ್ಲಿ 1986ರಲ್ಲಿ ಅಂಥದೇ ಸ್ಥಿತಿಯ 577 ಜನರನ್ನು ಆಯ್ದು ಕೆಲವರಿಗೆ ಆರು ವರ್ಷ ಆಹಾರ ಮತ್ತು ವ್ಯಾಯಾಮದ ಶಿಸ್ತು ಕಲಿಸಿದರು. ಮೂವತ್ತು ವರ್ಷಗಳ ತರುವಾಯ ಎಣಿಸಿದಾಗ ಶಿಸ್ತು ಕಲಿತವರಿಗೆ ಮಧುಮೇಹ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು. ಹೃದಯ ಮತ್ತು ಮೆದುಳಿನ ಆಘಾತಗಳು ಕಾಲು ಪಾಲು ಕಡಿಮೆಯಾಗಿದ್ದವು, ಆಯುಷ್ಯ ಸುಮಾರು ಒಂದೂವರೆ ವರ್ಷ ಹೆಚ್ಚಿತ್ತು. ವಾರಕ್ಕೆ 150 ನಿಮಿಷ, ಮಾತನಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ವೇಗದ ನಡಿಗೆ ಸಾಕು. ಹೊಲಕ್ಕೆ ಗಾಡಿಯ ಮೇಲೆ ಹೋಗಿ ಬದುವಿನ ಮೇಲೆ ನಿಂತು ಬರುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟು ಮಾಡಿಯೂ ಎಲ್.ಡಿ.ಎಲ್. ಇಳಿಯದಿದ್ದರೆ ವೈದ್ಯರು ಸ್ಟ್ಯಾಟಿನ್ ಎಂಬ ಗುಳಿಗೆಯನ್ನು ಬರೆದುಕೊಡುತ್ತಾರೆ. ಮೂರು ತಿಂಗಳು ನುಂಗಿ, ಪರೀಕ್ಷೆಯಲ್ಲಿ ಸಂಖ್ಯೆ ಇಳಿದದ್ದನ್ನು ಕಂಡು "ಗುಣವಾಯಿತು" ಎಂದು ಬಿಟ್ಟುಬಿಡುವವರು ನಮ್ಮಲ್ಲಿ ಅಸಂಖ್ಯ. ಸಂಖ್ಯೆ ಇಳಿದದ್ದು ಗುಳಿಗೆಯಿಂದ. ಬಿಟ್ಟ ಕೆಲವು ವಾರಗಳಲ್ಲಿ ಅದು ಮೊದಲಿನ ಸ್ಥಾನಕ್ಕೆ ಏರುತ್ತದೆ. ಮೈಕೈ ನೋವೆನಿಸಿದರೆ ವೈದ್ಯರಿಗೆ ಹೇಳಿ ಪ್ರಮಾಣ ಬದಲಾಯಿಸಿಕೊಳ್ಳಬೇಕು, ತಾವಾಗಿಯೇ ನಿಲ್ಲಿಸಬಾರದು. ನೆರೆಮನೆಯವರ ಗುಳಿಗೆಯನ್ನು ತಾವು ನುಂಗುವುದೂ ಅಷ್ಟೇ ಅವಿವೇಕ.

ಮನೆಯ ಹೆಂಗಸರನ್ನು ಕುರಿತು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಎಲ್ಲರನ್ನೂ ಪರೀಕ್ಷೆಗೆ ಕಳುಹಿಸಿ ತಾನು ಮಾತ್ರ ಉಳಿಯುವವಳು ತಾಯಿ. ಎಲ್ಲರೂ ಉಂಡ ಮೇಲೆ ಉಳಿದ ಅನ್ನವನ್ನೂ ಮಿಕ್ಕ ಸಿಹಿಯನ್ನೂ ಕೆಡಬಾರದೆಂದು ಉಣ್ಣುವವಳೂ ಅವಳೇ. ಮುಟ್ಟು ನಿಂತ ಮೇಲೆ ಅವಳ ಎಲ್.ಡಿ.ಎಲ್. ಏರತೊಡಗುತ್ತದೆ. ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡಿದ್ದವಳಿಗೆ ಮುಂದೆ ಮಧುಮೇಹ ಬರುವ ಸಂಭವ ಬಹಳ ಹೆಚ್ಚು. ಹೆರಿಗೆಯಾದ ಮೇಲೆ ಅದನ್ನು ಮನೆಮಂದಿಯೆಲ್ಲ ಮರೆತುಬಿಡುತ್ತಾರೆ. ಆಘಾತವಾದಾಗಲೂ ಅವಳಿಗೆ ಎದೆ ಹಿಂಡಿದಂಥ ನೋವಿನ ಬದಲು ಆಯಾಸ, ಉಬ್ಬಸ, ದವಡೆ ಅಥವಾ ಬೆನ್ನಿನ ನೋವು, ವಾಕರಿಕೆ ಮಾತ್ರ ತೋರಬಹುದು. ಅದಕ್ಕೆ ಪಿತ್ತವೆಂದು ಹೆಸರಿಟ್ಟು ನಿಂಬೆಹಣ್ಣಿನ ಶರಬತ್ತು ಕೊಡುತ್ತಾರೆ.

ಗಂಡಸರಲ್ಲಿ ಅದೇ ಬೇನೆಗೆ "ಗ್ಯಾಸ್" ಎಂದು ಹೆಸರು. ಅಜವಾನ, ಸೋಡಾ, ಎದೆಗೆ ಎಣ್ಣೆ ತಿಕ್ಕುವುದು, ಬೆಳಗಾಗಲೆಂದು ಕಾಯುವುದು ಇವುಗಳಲ್ಲಿ ಕಳೆದ ಒಂದೊಂದು ತಾಸಿನಲ್ಲಿಯೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲ ಕೆಲವು ತಾಸುಗಳಲ್ಲಿ ಕೊಟ್ಟಾಗ ಹೆಚ್ಚು ಪ್ರಯೋಜನಕಾರಿ, ತಡವಾದಷ್ಟೂ ಫಲ ಕಡಿಮೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ನಡೆಸುತ್ತಿರುವ ಹೃದಯ ಜ್ಯೋತಿ ಯೋಜನೆಯ ಉದ್ದೇಶ ಇದೇ. ಅದಕ್ಕೆ ಸೇರಿದ ತಾಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಒಡನೆಯೇ ಕಳುಹಿಸುತ್ತಾರೆ. ಆಘಾತ ಖಚಿತವಾದರೆ ದುಬಾರಿಯಾದ ಆ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ, ಆಮೇಲೆ ಮುಂದಕ್ಕೆ ಸಾಗಿಸುತ್ತಾರೆ. ಕಿತ್ತೂರಿನವರಿಗೆ ಹೆದ್ದಾರಿಯುಂಟು, ಧಾರವಾಡ ಬೆಳಗಾವಿ ಎರಡೂ ಎಟುಕುತ್ತವೆ. ರಾಮದುರ್ಗದ ಹಳ್ಳಿಗಳವರಿಗೆ ಆ ಅನುಕೂಲವಿಲ್ಲ. ಅಂಥವರು ನೇರವಾಗಿ ಬೆಳಗಾವಿಗೆಂದು ಬಾಡಿಗೆ ಗಾಡಿ ಹುಡುಕುತ್ತ ಹೊತ್ತು ಕಳೆಯದೆ, 108ಕ್ಕೆ ಕರೆ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಮೊದಲು ಇ.ಸಿ.ಜಿ. ತೆಗೆಸಬೇಕು. ನಿಮ್ಮ ತಾಲೂಕಿನ ಆಸ್ಪತ್ರೆಯಲ್ಲಿ ಈ ಚುಚ್ಚುಮದ್ದು ದೊರೆಯುತ್ತದೆಯೆ, ರಾತ್ರಿ ಹೊತ್ತಿನಲ್ಲಿ ಅಲ್ಲಿ ವೈದ್ಯರಿರುತ್ತಾರೆಯೆ ಎಂಬುದನ್ನು ಈ ವಾರವೇ, ಎಲ್ಲರೂ ಆರಾಮ ಇರುವಾಗಲೇ, ಹೋಗಿ ವಿಚಾರಿಸಿಕೊಂಡು ಬಂದು, ಆ ದೂರವಾಣಿ ಸಂಖ್ಯೆಯನ್ನು ಮನೆಯ ಪಂಚಾಂಗದ ಪಕ್ಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿಡಿರಿ.